ಕಬ್ಬಿನ ದಾರಿಯ ದೆವ್ವಗಳು

ಮಗಳ ಬಾಣಂತನಕ್ಕೆಂದು ನಾನು ಅಮೆರಿಕಕ್ಕೆ ಹೋದದ್ದು 2024ರ ಅಕ್ಟೋಬರಿನಲ್ಲಿ. ಮೊದಲ ಎರಡು ತಿಂಗಳು ಬೀಗಿತ್ತಿಯವರು ನೋಡಿಕೊಂಡು ಊರಿಗೆ ಹಿಂದಿರುಗಿದ್ದರು. ಆಮೇಲಿನ ಪಾಳಿ ನನ್ನದು. ದಸರಾ ರಜೆಗೆ ಉಳಿದಿದ್ದ ಗಳಿಕೆ ರಜೆಯನ್ನೆಲ್ಲ ಸೇರಿಸಿಕೊಂಡು, ಸಮಾಜ ಪಾಠವನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ, ಬಾಣಂತಿ ಖಾರದ ಪುಡಿ, ಲೇಹ್ಯದ ಸಾಮಾನು, ನಾಲ್ಕು ಅಚ್ಚು ಮಂಡ್ಯದ ಬೆಲ್ಲ ಕಟ್ಟಿಕೊಂಡು ಹ್ಯೂಸ್ಟನ್ನಿನಲ್ಲಿ ಇಳಿದೆ. ಅಲ್ಲಿ ಬೆಲ್ಲಕ್ಕೇನೂ ಬರವಿಲ್ಲ, ನಮ್ಮವರ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತದೆ. ಆದರೂ ಮನಸ್ಸು ಕೇಳಬೇಕಲ್ಲ!

ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಳಿಯಂದಿರಿಗೆ ನಾಲ್ಕು ದಿನ ರಜೆ ಸಿಕ್ಕಿತು. ಮಗುವಿಗೆ ಮೂರು ತಿಂಗಳು ತುಂಬಿತ್ತು. "ಅತ್ತೆ, ನೀವು ಚರಿತ್ರೆ ಪಾಠ ಮಾಡೋರು. ಲೂಸಿಯಾನಾ ನೋಡದೆ ಊರಿಗೆ ಹೋಗಬೇಡಿ. ದಾರಿಯಲ್ಲಿ ದೆವ್ವದ ಮನೆಗಳೂ ಇವೆ" ಎಂದು ನಕ್ಕರು. ಮಗಳು, "ನಮ್ಮಮ್ಮನಿಗೆ ದೆವ್ವ ಹೊಸದಲ್ಲ ಬಿಡಿ, ಒಂಟಿಗೈ ದೆವ್ವದ ಕತೆ ಹೇಳಿಯೇ ನನಗೆ ಊಟ ಮಾಡಿಸುತ್ತಿದ್ದಳು" ಎಂದಳು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ಈಗ ಮನಸ್ಸು ಮುದುಡುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಲೂಸಿಯಾನಾದಲ್ಲಿ ಬ್ಯಾಟನ್ ರೂಜ್ ಮತ್ತು ನ್ಯೂ ಆರ್ಲಿಯನ್ಸ್ ನಗರಗಳ ನಡುವೆ ಮಿಸಿಸಿಪಿ ನದಿಯ ಎರಡೂ ದಂಡೆಗಳಲ್ಲಿ ಹೊಳೆಯ ಜೊತೆಜೊತೆಗೇ ಬಳುಕುತ್ತ ಸಾಗುವ ಹಳೆಯ ರಸ್ತೆಯಿದೆ. ಅದಕ್ಕೆ ರಿವರ್ ರೋಡ್ ಎಂದೇ ಹೆಸರು. ನದಿ ರಸ್ತೆ ಎನ್ನೋಣ. ಹೆಸರಿಗಷ್ಟೇ ನದಿ ರಸ್ತೆ, ಕಾರಿನಲ್ಲಿ ಕೂತರೆ ನದಿ ಕಾಣುವುದಿಲ್ಲ. ಪ್ರವಾಹ ತಡೆಯಲು ಕಟ್ಟಿದ ಮಣ್ಣಿನ ಏರಿ ಅಡ್ಡ ಬರುತ್ತದೆ. ಏರಿಯ ಆಚೆಗೆ ಹಡಗಿನ ಮೇಲ್ಭಾಗ ಮಾತ್ರ ಹುಲ್ಲಿನ ಮೇಲೆ ತೇಲಿದಂತೆ ಹೋಗುತ್ತಿರುತ್ತದೆ. ಈಚೆಗೆ ಬಿಳಿಯ ದಪ್ಪ ಕಂಬಗಳ ದೊಡ್ಡ ದೊಡ್ಡ ಮನೆಗಳು, ಬಾಗಿಲವರೆಗೆ ಸಾಲು ಮರಗಳು. ಅವುಗಳ ನಡುನಡುವೆ ರಾಸಾಯನಿಕ ಕಾರ್ಖಾನೆಗಳ ಚಿಮಣಿಗಳು. ಇವೆರಡರ ಹಿಂದೆ, ಕಣ್ಣು ಹಾಯುವಷ್ಟು ದೂರ, ಕಬ್ಬು.

ಮಂಡ್ಯದ ಕಡೆಯ ಹೆಣ್ಣುಮಗಳಿಗೆ ಕಬ್ಬು ಕಂಡರೆ ಏನಾಗುತ್ತದೆಂದು ಬೇರೆ ಹೇಳಬೇಕೆ? ಅದು ಕಟಾವಿನ ಕಾಲ. ಒಂದು ಕಡೆ ಒಣ ತರಗಿಗೆ ಬೆಂಕಿ ಹಾಕಿದ್ದರು. ಕಿಟಕಿ ಇಳಿಸಿದೆ. ಅದೇ ಹೊಗೆ, ಅದೇ ಸಿಹಿ ಕಮಟು. ಹತ್ತು ಸಾವಿರ ಮೈಲಿ ಬಂದರೂ ನಮ್ಮ ಹೊಲದ ಬದುವಿನಲ್ಲೇ ನಿಂತ ಹಾಗಾಯಿತು.

ಹಿಂದಿನ ದಿನ ಸೇಂಟ್ ಫ್ರಾನ್ಸಿಸ್‌ವಿಲ್‌ಗೆ ಹೋಗಿದ್ದೆವು. ಬ್ಯಾಟನ್ ರೂಜ್‌ಗಿಂತ ಉತ್ತರಕ್ಕಿರುವ ಸಣ್ಣ ಊರು. ಅಲ್ಲಿನ ಮರ್ಟಲ್ಸ್ ಎಂಬ ಮನೆ ಅಮೆರಿಕದಲ್ಲೆಲ್ಲ ದೆವ್ವಗಳಿಗೆ ಹೆಸರುವಾಸಿ. 1796ರಲ್ಲಿ ಡೇವಿಡ್ ಬ್ರಾಡ್‌ಫರ್ಡ್ ಎಂಬುವನು ಕಟ್ಟಿಸಿದ್ದು. ಆಮೇಲೆ ಅವನ ಅಳಿಯ ಕ್ಲಾರ್ಕ್ ವುಡ್ರಫ್‌ನ ಕೈಗೆ ಬಂತು. ಕ್ಲೋಯಿ ಎಂಬ ಗುಲಾಮ ಹೆಣ್ಣಿನ ಕತೆ ಅಲ್ಲಿನದು. ಯಜಮಾನ ಅವಳನ್ನು ಇಟ್ಟುಕೊಂಡಿದ್ದ. ಒಮ್ಮೆ ಅವಳು ಬಾಗಿಲಿಗೆ ಕಿವಿಗೊಟ್ಟು ಮಾತು ಕೇಳಿಸಿಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದಳು. ಅವನು ಅವಳ ಕಿವಿ ಕತ್ತರಿಸಿದ. ಅಂದಿನಿಂದ ಅವಳು ತಲೆಗೆ ಹಸಿರು ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದಳು. ಒಂದು ದಿನ ಕಣಗಿಲೆ ಎಲೆಯ ರಸ ಬೆರೆಸಿ ಕೇಕು ಮಾಡಿ ಕೊಟ್ಟಳು. ಯಜಮಾನಿ ಸಾರಾ ಮತ್ತು ಎರಡು ಮಕ್ಕಳು ಸತ್ತರು. ಹೆದರಿದ ಉಳಿದ ಗುಲಾಮರೇ ಕ್ಲೋಯಿಯನ್ನು ನೇಣು ಹಾಕಿ ಹೊಳೆಗೆ ಎಸೆದರು. ಅವಳು ಈಗಲೂ ಹಸಿರು ಬಟ್ಟೆ ಸುತ್ತಿಕೊಂಡು ಅಲ್ಲಿ ಓಡಾಡುತ್ತಾಳೆ. ಕಾರಿನಲ್ಲಿ ಅಳಿಯಂದಿರು ಇದನ್ನು ಹೇಳಿದಾಗ ಮೈ ಜುಮ್ಮೆಂದದ್ದು ನಿಜ.

ಆದರೆ ದಾಖಲೆಗಳನ್ನು ಹುಡುಕಿದವರು ಬೇರೆಯದನ್ನೇ ಹೇಳುತ್ತಾರೆ. ಸಾರಾ ಸತ್ತದ್ದು 1823ರಲ್ಲಿ, ಹಳದಿ ಜ್ವರದಿಂದ. ಮಕ್ಕಳಿಬ್ಬರು ತೀರಿಕೊಂಡದ್ದು ಮರುವರ್ಷ. ಆ ಮನೆಯ ಗುಲಾಮರ ದಾಖಲೆಗಳಲ್ಲಿ ಕ್ಲೋಯಿ ಎಂಬ ಹೆಸರೇ ಇಲ್ಲ. ಆ ಮನೆಯಲ್ಲಿ ನಡೆದ ಕೊಲೆಯೆಂದು ದಾಖಲೆಯಿರುವುದು ಒಂದೇ. 1871ರಲ್ಲಿ ವಿಲಿಯಂ ವಿಂಟರ್ ಎಂಬ ಬಿಳಿಯ ವಕೀಲನನ್ನು ಯಾರೋ ಜಗುಲಿಯಲ್ಲಿ ಗುಂಡಿಟ್ಟು ಕೊಂದರು.

ಹಾಗಾದರೆ ಕತೆ ಸುಳ್ಳು ಎಂದು ಬಿಟ್ಟುಬಿಡಬಹುದೆ? ಟಾಯಾ ಮೈಲ್ಸ್ ಎಂಬ ಕಪ್ಪು ಇತಿಹಾಸಕಾರ್ತಿ 2015ರಲ್ಲಿ ಇಂಥ ದೆವ್ವದ ಮನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಗುಲಾಮ ಹೆಣ್ಣಿನ ನೋವು ಈ ಕತೆಗಳಲ್ಲಿ ಹೇಗೆ ಪ್ರವಾಸಿಗರ ಮನರಂಜನೆಯಾಗಿ ಮಾರಾಟವಾಗುತ್ತದೆ ಎಂಬುದು ಅವರ ಕಾಳಜಿ. ಯೋಚಿಸಿ ನೋಡಿ. ಯಜಮಾನ ಗುಲಾಮ ಹೆಣ್ಣಿನ ಮೈಯನ್ನು ತನ್ನದೆಂದು ಬಳಸಿಕೊಳ್ಳುತ್ತಿದ್ದದ್ದು ಆ ನಾಡಿನಲ್ಲಿ ನಿಜವಾಗಿ ನಡೆದದ್ದು. ಕತೆಯಲ್ಲಿ ಅದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಡೆಯದೇ ಇದ್ದ ವಿಷದ ಕೇಕು ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಅನ್ಯಾಯಕ್ಕೆ ಒಳಗಾದವಳೇ ಕೊನೆಗೆ ಹೆದರಿಸುವವಳಾಗುತ್ತಾಳೆ.

ಮರುದಿನ ನದಿ ರಸ್ತೆಯ ಪಶ್ಚಿಮ ದಂಡೆಯಲ್ಲಿ ವಾಲೆಸ್ ಎಂಬ ಊರಿನ ಬಳಿ ವಿಟ್ನಿ ತೋಟಕ್ಕೆ ಹೋದೆವು. ಇಲ್ಲಿ ದೆವ್ವದ ಕತೆ ಹೇಳುವುದಿಲ್ಲ. 1752ರಲ್ಲಿ ಹೇಡಲ್ ಎಂಬ ಜರ್ಮನ್ ವಲಸೆಗಾರರ ಕುಟುಂಬ ಆರಂಭಿಸಿದ ತೋಟವಿದು. ಮೊದಲು ನೀಲಿ ಬೆಳೆಯುತ್ತಿದ್ದರು, ಆಮೇಲೆ ಕಬ್ಬು. ಮುನ್ನೂರ ಐವತ್ತಕ್ಕೂ ಹೆಚ್ಚು ಜನ ಇಲ್ಲಿ ಗುಲಾಮರಾಗಿ ದುಡಿದರು. ಜಾನ್ ಕಮಿಂಗ್ಸ್ ಎಂಬ ಬಿಳಿಯ ವಕೀಲರು ಇದನ್ನು ಕೊಂಡು, ಸೆನೆಗಲ್ ದೇಶದ ಇತಿಹಾಸಕಾರ ಇಬ್ರಾಹಿಮಾ ಸೆಕ್ ಅವರ ಸಂಶೋಧನೆಯ ನೆರವಿನಿಂದ, 2014ರಲ್ಲಿ ವಸ್ತು ಸಂಗ್ರಹಾಲಯವಾಗಿ ತೆರೆದರು. ಸುತ್ತಲಿನ ತೋಟದ ಮನೆಗಳಲ್ಲಿ ಬಹುಕಾಲ ಯಜಮಾನರ ಪಿಂಗಾಣಿ, ಪೀಠೋಪಕರಣಗಳ ವರ್ಣನೆಯೇ ನಡೆಯುತ್ತಿದ್ದ ಕಾಲದಲ್ಲಿ, ಗುಲಾಮರ ಕಡೆಯಿಂದಲೇ ಕತೆ ಹೇಳಬೇಕೆಂದು ಹೊರಟ ಜಾಗ ಇದು.

ಒಳಗೆ ಕಾಲಿಟ್ಟರೆ ಹಳೆಯ ಮರದ ಚರ್ಚು. ಬಿಡುಗಡೆಯಾದ ಗುಲಾಮರು ಬೇರೆಡೆ ಕಟ್ಟಿಕೊಂಡಿದ್ದನ್ನು ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. ಅದರೊಳಗೆ ಮಕ್ಕಳು ನಿಂತಿದ್ದಾರೆ, ಕೂತಿದ್ದಾರೆ. ಮಣ್ಣಿನಲ್ಲಿ ಮಾಡಿದ ಮಕ್ಕಳು. ವುಡ್ರೋ ನ್ಯಾಶ್ ಎಂಬ ಕಲಾವಿದನ ಕೆಲಸ. ಮಕ್ಕಳೇ ಯಾಕೆ? 1930ರ ದಶಕದಲ್ಲಿ ಅಲ್ಲಿನ ಸರ್ಕಾರದ ಯೋಜನೆಯೊಂದರಲ್ಲಿ ಲೇಖಕರು ಊರೂರು ತಿರುಗಿ, ಗುಲಾಮರಾಗಿದ್ದು ಆಗಲೂ ಬದುಕಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತುಗಳನ್ನು ಬರೆದುಕೊಂಡರು. 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ನೆನಪುಗಳು ಮಕ್ಕಳ ನೆನಪುಗಳು. ಮೂವತ್ತು ವರ್ಷ ಮಕ್ಕಳ ಮುಖ ನೋಡುತ್ತ ಪಾಠ ಮಾಡಿದವಳು ನಾನು. ಆ ಮಣ್ಣಿನ ಮುಖಗಳ ಎದುರು ಹಾಜರಿ ಕರೆಯಲು ನಿಂತವಳ ಹಾಗೆ ಬಾಯಿ ಒಣಗಿತು.

ಹೊರಗೆ ಮಕ್ಕಳದೇ ಇನ್ನೊಂದು ಸ್ಮಾರಕ. ಆ ಜಿಲ್ಲೆಯೊಂದರಲ್ಲೇ 1823ರಿಂದ 1863ರವರೆಗೆ ಮೂರು ವರ್ಷ ತುಂಬುವುದರೊಳಗೆ ಸತ್ತ ಸುಮಾರು 2,200 ಗುಲಾಮ ಕೂಸುಗಳ ಲೆಕ್ಕ ಕಲ್ಲಿನಲ್ಲಿ ಕೆತ್ತಿದ್ದಾರೆ. ಮಧ್ಯದಲ್ಲಿ ರೆಕ್ಕೆಯಿರುವ ಹೆಣ್ಣೊಬ್ಬಳು ಸತ್ತ ಕೂಸನ್ನು ಎತ್ತಿಕೊಂಡು ನಿಂತಿದ್ದಾಳೆ. ಮಗಳು ತನ್ನ ಮಗುವನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ಆಚೆ ಹೋದಳು. ಲೂಸಿಯಾನಾದ ಕಬ್ಬಿನ ನಾಡಿನಲ್ಲಿ ಗುಲಾಮರ ಹುಟ್ಟಿಗಿಂತ ಸಾವೇ ಹೆಚ್ಚಿತ್ತು. ಕಡಿಮೆಯಾದ ಆಳುಗಳನ್ನು ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಕೊಂಡು ತರುತ್ತಿದ್ದರು. 1790ರಿಂದ 1860ರೊಳಗೆ ಹೀಗೆ ಹಳೆಯ ರಾಜ್ಯಗಳಿಂದ ದಕ್ಷಿಣದ ಆಳಕ್ಕೆ ಸಾಗಿಸಲ್ಪಟ್ಟವರು ಸುಮಾರು ಹತ್ತು ಲಕ್ಷ ಜನ. ನ್ಯೂ ಆರ್ಲಿಯನ್ಸ್ ಆ ದೇಶದ ಅತಿ ದೊಡ್ಡ ಗುಲಾಮರ ಸಂತೆಯಾಗಿತ್ತು.

ಯಾಕೆ ಅಷ್ಟು ಸಾವು? ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳನ್ನು ಕಂಡೊಡನೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಲೆಮನೆ ಕಂಡವರಿಗೆ ಗೊತ್ತು. ಕಡಿದ ಕಬ್ಬು ಕಾಯುವುದಿಲ್ಲ. ಬೇಗ ಗಾಣಕ್ಕೆ ಕೊಡದಿದ್ದರೆ ಹಾಲು ಕೆಡುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ. ನಮ್ಮಲ್ಲಿ ಕಬ್ಬು ವರ್ಷವಿಡೀ ಒಂದಲ್ಲ ಒಂದು ಹೊಲದಲ್ಲಿ ಕಟಾವಿಗೆ ಬರುತ್ತದೆ. ಲೂಸಿಯಾನಾದಲ್ಲಿ ಚಳಿ, ಹಿಮ ಬೀಳುವುದರೊಳಗೆ ಇಡೀ ಬೆಳೆ ಕಡಿದು ಅರೆದು ಕಾಯಿಸಿ ಮುಗಿಸಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಗಲೂ ರಾತ್ರಿ ಕೆಲಸ. ಒಬ್ಬೊಬ್ಬರಿಗೆ ದಿನಕ್ಕೆ ಹದಿನೆಂಟು ಗಂಟೆಯವರೆಗೆ ದುಡಿತ. ಕುದಿಯುವ ಹಾಲನ್ನು ದೊಡ್ಡ ಕೊಪ್ಪರಿಗೆಯಿಂದ ಚಿಕ್ಕದಕ್ಕೆ, ಅದರಿಂದ ಇನ್ನೂ ಚಿಕ್ಕದಕ್ಕೆ ಉದ್ದ ಹಿಡಿಯ ಸೌಟಿನಿಂದ ಮೊಗೆದು ಸುರಿಯಬೇಕು. ನಿದ್ದೆಗಣ್ಣಿನಲ್ಲಿ ಕೈ ಜಾರಿದರೆ ಮೈ ಸುಟ್ಟಿತು. ಗಾಣದ ಉರುಳೆಗೆ ಬೆರಳು ಸಿಕ್ಕರೆ ಕೈಯೇ ಹೋಯಿತು. ಸಕ್ಕರೆ ಬೆಳೆದ ದೇಶಗಳಲ್ಲೆಲ್ಲ ಗಾಣ ತಿಂದ ಕೈಗಳ ಲೆಕ್ಕವಿಲ್ಲ.

ಆ ಕೊಪ್ಪರಿಗೆಯ ಮುಂದೆ ನಿಂತಾಗಲೇ ನನಗೆ ನಮ್ಮೂರಿನ ಒಂಟಿಗೈ ದೆವ್ವ ನೆನಪಾದದ್ದು.

ನಮ್ಮ ಊರಿನಿಂದ ಟಾರು ರಸ್ತೆಗೆ ಹೋಗುವ ದಾರಿಯಲ್ಲಿ, ಹುಣಸೆಮರದ ಪಕ್ಕ, ತಾತನ ಹಾಳು ಆಲೆಮನೆಯಿತ್ತು. 1930ರ ದಶಕದಲ್ಲಿ ನಾಲೆಯ ನೀರು ಬಂದು ನಮ್ಮ ಸೀಮೆಯೆಲ್ಲ ಕಬ್ಬಾದಾಗ ಮುತ್ತಾತ ಹಾಕಿಸಿದ್ದು. ಅಮಾವಾಸ್ಯೆಯ ರಾತ್ರಿ ಅಲ್ಲಿ ಒಂದು ಹೆಣ್ಣು ದೆವ್ವ ಒಂದೇ ಕೈ ಚಾಚಿ, "ಒಂದಚ್ಚು ಬೆಲ್ಲ ಕೊಡಿ" ಎಂದು ಕೇಳುತ್ತದೆ, ಕೊಡದವರ ಕೈಯನ್ನು ತಿರುಚಿ ಕಿತ್ತುಕೊಳ್ಳುತ್ತದೆ ಎಂಬುದು ಕತೆ. ಕತ್ತಲಾದ ಮೇಲೆ ಆ ದಾರಿಯಲ್ಲಿ ನಾವು ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಮುಂದೆ ನಾನು ಟೀಚರ್ ಆದ ಮೇಲೆ ಶಾಲೆಯ ಪ್ರವಾಸದ ಬಸ್ಸಿನಲ್ಲಿ ಲೈಟು ಆರಿಸಿ ಎಷ್ಟು ಸಲ ಈ ಕತೆ ಹೇಳಿ ಮಕ್ಕಳನ್ನು ಕಿರುಚಿಸಿದ್ದೇನೋ! ಆ ಕೈ ಎಲ್ಲಿ ಹೋಯಿತು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಆಲೆಮನೆಯ ಪಕ್ಕ, ಒಂದು ಕೈಯಿಲ್ಲದ ಹೆಣ್ಣು. ಇಷ್ಟು ಸುಲಭದ ಲೆಕ್ಕ!

ವಿಟ್ನಿಯಲ್ಲಿ ಮನಸ್ಸಿಗೆ ನಾಟಿದ ಇನ್ನಿಬ್ಬರು ಹೆಂಗಸರ ವಿಷಯ ಹೇಳಬೇಕು. ಗಂಡ ಸತ್ತ ಮೇಲೆ ಈ ತೋಟವನ್ನು 1860ರವರೆಗೆ ನಡೆಸಿದವಳು ಮೇರಿ ಅಜೆಲೀ ಹೇಡಲ್ ಎಂಬ ವಿಧವೆ. ಅವಳ ಕಾಲದಲ್ಲಿ ಒಂದೇ ಹಂಗಾಮಿನಲ್ಲಿ ನಾಲ್ಕು ಲಕ್ಷ ಪೌಂಡಿಗೂ ಮೀರಿ ಸಕ್ಕರೆ ತೆಗೆದದ್ದುಂಟು. ವಿಧವೆಯೊಬ್ಬಳು ಇಷ್ಟು ದೊಡ್ಡ ವ್ಯವಹಾರ ನಡೆಸಿದಳೆಂದರೆ ಹೆಮ್ಮೆಯಿಂದ ಪಾಠ ಮಾಡಬಹುದಾದ ವಿಷಯ, ಅಲ್ಲವೆ? ಆದರೆ ಅದೇ ಮನೆಯಲ್ಲಿ ಆನಾ ಎಂಬ ಗುಲಾಮ ಹುಡುಗಿಯಿದ್ದಳು. ಎಳೆಯ ವಯಸ್ಸಿನಲ್ಲೇ ಕೊಂಡು ತಂದವಳು. ಯಜಮಾನಿಯ ಅಣ್ಣತಮ್ಮಂದಿರಲ್ಲೊಬ್ಬನಿಂದ ಆನಾಗೆ ವಿಕ್ಟರ್ ಎಂಬ ಮಗ ಹುಟ್ಟಿದ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅದು ಅಲ್ಲಿನ ಕಾನೂನು. ವಿಕ್ಟರ್‌ನ ವಂಶ ಮುಂದೆ ಬೆಳೆಯಿತು. ನ್ಯೂ ಆರ್ಲಿಯನ್ಸ್‌ನ ಮೊದಲ ಕಪ್ಪು ಮೇಯರ್ ಅರ್ನೆಸ್ಟ್ ಮೋರಿಯಲ್ ಅವರ ಹೆಂಡತಿ, ಶಿಕ್ಷಕಿಯೂ ಆಗಿದ್ದ ಸಿಬಿಲ್ ಹೇಡಲ್ ಮೋರಿಯಲ್ ಈ ವಂಶದವರು. ಇವಳ ಕಷ್ಟ ಅವಳಿಗೆ ಗೊತ್ತಿರಲಿಲ್ಲವೆ, ಒಂದೇ ಸೂರಿನಡಿಯ ಹೆಣ್ಣಲ್ಲವೆ ಎಂದು ನಾವು ಕೇಳಬಹುದು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದನ್ನು ದೊಡ್ಡ ಮನೆಗಳ ಹೆಂಗಸರು ಎಲ್ಲ ದೇಶಗಳಲ್ಲೂ ಕಲಿತಿರುತ್ತಾರೆ.

ಕೊಪ್ಪರಿಗೆಯ ಮಾತು ಬಂತಲ್ಲ, ಇನ್ನೊಂದು ಸಂಗತಿ. ಆ ಪ್ರಾಣಾಂತಿಕ ಮೊಗೆಯುವ ಕೆಲಸವನ್ನು ತಪ್ಪಿಸುವ ಯಂತ್ರವನ್ನು ಕಂಡುಹಿಡಿದವನು ನಾರ್ಬರ್ಟ್ ರಿಲಿಯೂ. 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬಿಳಿಯ ತಂದೆ, ಕಪ್ಪು ತಾಯಿಗೆ ಹುಟ್ಟಿ ಪ್ಯಾರಿಸ್ಸಿನಲ್ಲಿ ಓದಿದವನು. ಗಾಳಿ ತೆಗೆದ ಪಾತ್ರೆಯಲ್ಲಿ ರಸ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆಯನ್ನು ಕಾಯಿಸಬಹುದು. 1843ರಲ್ಲಿ ಅವನಿಗೆ ಇದರ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಸಕ್ಕರೆ ಕಾರ್ಖಾನೆಗಳಲ್ಲಿ ನಡೆಯುವುದು ಇದೇ ತತ್ವ. ಕಾಫಿಗೆ ಸಕ್ಕರೆ ಹಾಕುವಾಗ ನಾವು ನೆನೆಯಬೇಕಾದ ಹೆಸರಿದು. ನಮ್ಮ ಪುಸ್ತಕಗಳಲ್ಲಿ ನಾನು ಕಂಡಿರಲಿಲ್ಲ.

ತೋಟದ ಒಂದು ಮೂಲೆಯಲ್ಲಿ 1811ರ ಸ್ಮಾರಕವಿದೆ. ಕಬ್ಬಿಣದ ಸಲಾಕೆಗಳ ಮೇಲೆ ಸಾಲುಸಾಲಾಗಿ ಮಣ್ಣಿನ ತಲೆಗಳು. ಮಕ್ಕಳನ್ನು ಕರೆತಂದವರು ಬೇಕಾದರೆ ಆ ಕಡೆ ಹೋಗದೆ ಮುಂದೆ ಸಾಗಬಹುದು. ನಾನು ಒಬ್ಬಳೇ ಹೋದೆ.

1811ರ ಜನವರಿ 8ರ ರಾತ್ರಿ. ಕಬ್ಬಿನ ಹಂಗಾಮು ಮುಗಿದಿತ್ತು. ಹೊಳೆಯ ಆಚೆ ದಂಡೆಯಲ್ಲಿ ಈಗ ಲಾಪ್ಲೇಸ್ ಎನ್ನುವ ಊರಿನಲ್ಲಿ ಮ್ಯಾನ್ಯುಯೆಲ್ ಆಂಡ್ರಿ ಎಂಬುವನ ತೋಟ. ಚಾರ್ಲ್ಸ್ ಡೆಲೊಂಡ್ ಎಂಬ ಗುಲಾಮ ಮೇಸ್ತ್ರಿಯ ಮುಂದಾಳತ್ವದಲ್ಲಿ ಗುಲಾಮರು ಎದ್ದರು. ಆಂಡ್ರಿ ಗಾಯಗೊಂಡು ತಪ್ಪಿಸಿಕೊಂಡ, ಅವನ ಮಗ ಸತ್ತ. ಕಬ್ಬು ಕಡಿಯುವ ಕತ್ತಿ, ಸಿಕ್ಕಷ್ಟು ಬಂದೂಕು ಹಿಡಿದು, ತಮಟೆ ಬಾರಿಸುತ್ತ, ಬಾವುಟ ಹಿಡಿದು ಅವರು ನದಿ ರಸ್ತೆಯಲ್ಲಿ ನ್ಯೂ ಆರ್ಲಿಯನ್ಸ್ ಕಡೆಗೆ ನಡೆದರು. ಏಳು ವರ್ಷದ ಹಿಂದಷ್ಟೇ ಹೈಟಿ ದ್ವೀಪದಲ್ಲಿ ಗುಲಾಮರು ಗೆದ್ದು ಸ್ವತಂತ್ರ ದೇಶ ಕಟ್ಟಿದ್ದರು. ಆ ಸುದ್ದಿ ಈ ದಂಡೆಗಳಿಗೂ ತಲುಪಿತ್ತು. ತೋಟದಿಂದ ತೋಟಕ್ಕೆ ಜನ ಸೇರುತ್ತ ಹೋದರು. ಇನ್ನೂರರಿಂದ ಐನೂರರವರೆಗೆ ಇದ್ದರೆಂದು ಅಂದಾಜು. ಅಮೆರಿಕದ ಚರಿತ್ರೆಯಲ್ಲೇ ಅತಿ ದೊಡ್ಡ ಗುಲಾಮರ ದಂಗೆಯಿದು. ಎರಡು ದಿನದಲ್ಲಿ ಸೈನ್ಯ ಮತ್ತು ತೋಟದ ಯಜಮಾನರ ಪಡೆ ಸೇರಿ ಅದನ್ನು ಅಡಗಿಸಿದವು. ಡೆಲೊಂಡ್‌ನನ್ನು ವಿಚಾರಣೆಯೂ ಇಲ್ಲದೆ ಚಿತ್ರಹಿಂಸೆ ಕೊಟ್ಟು ಕೊಂದರು. ಉಳಿದವರಿಗೆ ಡೆಸ್ಟ್ರೆಹಾನ್ ಎಂಬ ತೋಟದ ಮನೆಯಲ್ಲೇ ಯಜಮಾನರೇ ನ್ಯಾಯಾಧೀಶರಾಗಿ ಕೂತು ಮರಣದಂಡನೆ ಕೊಟ್ಟರು. ಬಿಳಿಯರಲ್ಲಿ ಸತ್ತವರು ಇಬ್ಬರು. ಕಪ್ಪು ಜನರಲ್ಲಿ ಸುಮಾರು ತೊಂಬತ್ತೈದು. ಅವರ ತಲೆಗಳನ್ನು ಕತ್ತರಿಸಿ, ಕೋಲಿಗೆ ಸಿಕ್ಕಿಸಿ, ನದಿ ರಸ್ತೆಯ ಉದ್ದಕ್ಕೂ ಏರಿಯ ಮೇಲೆ ನೆಟ್ಟರು.

ಆಮೇಲೆ ಪರಿಹಾರ ಕೊಡಲಾಯಿತು. ಸತ್ತವರ ಹೆಂಡಿರು ಮಕ್ಕಳಿಗಲ್ಲ. ಸತ್ತ ಒಬ್ಬೊಬ್ಬ ಗುಲಾಮನಿಗೆ 300 ಡಾಲರಿನಂತೆ, ಅವನ ಯಜಮಾನನಿಗೆ.

ಇಂಥದ್ದು ನಡೆದ ರಸ್ತೆಯಲ್ಲಿ ದೆವ್ವಗಳಿವೆ ಎಂದರೆ ಆಶ್ಚರ್ಯವೇನು? ಆಶ್ಚರ್ಯವೆಂದರೆ, ಆ ದಾರಿಯ ಹೆಸರಾಂತ ದೆವ್ವಗಳಲ್ಲಿ ಈ ತೊಂಬತ್ತೈದು ಜನ ಇಲ್ಲ. ಹಸಿರು ಬಟ್ಟೆಯ ಕ್ಲೋಯಿ ಇದ್ದಾಳೆ. ಲಾಪ್ಲೇಸ್ ಪಕ್ಕದ ಜೌಗಿನಲ್ಲಿ ಜೂಲಿಯಾ ಬ್ರೌನ್ ಎಂಬ ನಾಟಿ ವೈದ್ಯೆಯ ದೆವ್ವವಿದೆ. ತಾನು ಸಾಯುವಾಗ ಊರನ್ನೂ ಜೊತೆಗೆ ಒಯ್ಯುತ್ತೇನೆಂದು ಅವಳು ಹಾಡುತ್ತಿದ್ದಳಂತೆ. 1915ರ ಸೆಪ್ಟೆಂಬರ್ 29ರಂದು ಅವಳ ಶವಸಂಸ್ಕಾರದ ದಿನವೇ ಚಂಡಮಾರುತ ಬಂದು ಫ್ರೆನಿಯರ್ ಎಂಬ ಆ ಹಳ್ಳಿ ಕೊಚ್ಚಿಹೋಯಿತು. ಜೀವಮಾನವಿಡೀ ಊರಿನ ಕಾಯಿಲೆಯವರನ್ನು ನೋಡಿಕೊಂಡವಳು, ಸತ್ತ ಮೇಲೆ ಶಾಪ ಹಾಕಿದ ಮಾಟಗಾತಿಯಾದಳು. ಬಿರುಗಾಳಿಯ ತಪ್ಪೂ ಅವಳದೇ!

ದೆವ್ವದ ಭಯಕ್ಕೆ ಅಲ್ಲಿ ಬೇರೊಂದು ಉಪಯೋಗವೂ ಇತ್ತು. ಗುಲಾಮರು ರಾತ್ರಿ ಹೊತ್ತು ತೋಟ ಬಿಟ್ಟು ಹೋಗದಂತೆ, ಒಂದೆಡೆ ಸೇರದಂತೆ, ಓಡಿಹೋಗದಂತೆ ತಡೆಯಲು ಯಜಮಾನರೇ ದೆವ್ವದ ಕತೆಗಳನ್ನು ಹಬ್ಬಿಸುತ್ತಿದ್ದರು, ಬಿಳಿ ಬಟ್ಟೆ ಹೊದ್ದು ದಾರಿಯಲ್ಲಿ ಹೆದರಿಸುತ್ತಿದ್ದರು. ಗ್ಲ್ಯಾಡಿಸ್ ಮೇರಿ ಫ್ರೈ ಎಂಬ ವಿದುಷಿ ಕಪ್ಪು ಜನರ ಬಾಯಿಮಾತಿನ ನೆನಪುಗಳನ್ನು ಕಲೆಹಾಕಿ 1975ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಅಂತರ್ಯುದ್ಧ ಮುಗಿದ ಮೇಲೆ ಹುಟ್ಟಿದ ಕು ಕ್ಲಕ್ಸ್ ಕ್ಲಾನ್ ಎಂಬ ಕ್ರೂರ ಗುಂಪಿನವರು ಮೊದಮೊದಲು, ಯುದ್ಧದಲ್ಲಿ ಸತ್ತ ಸೈನಿಕರ ಪ್ರೇತಗಳು ತಾವೆಂದು ಹೇಳಿಕೊಂಡೇ ರಾತ್ರಿ ಬಾಗಿಲು ಬಡಿಯುತ್ತಿದ್ದರು. ಕಪ್ಪು ಜನ ಮೂಢನಂಬಿಕೆಯಿಂದ ಹೆದರಿದರು ಎನ್ನುವುದು ಬಿಳಿಯರ ವಿವರಣೆ. ಹೊದಿಕೆಯೊಳಗೆ ಇರುವವರು ಯಾರು, ಅವರ ಕೈಯಲ್ಲಿರುವ ಬಂದೂಕು ಎಂಥದು ಎಂದು ಚೆನ್ನಾಗಿ ಗೊತ್ತಿದ್ದರಿಂದಲೇ ಹೆದರಿದರು ಎನ್ನುವುದು ಆ ನೆನಪುಗಳ ಉತ್ತರ.

ಆ ರಾತ್ರಿ ಹೋಟೆಲಿನಿಂದ ಅವ್ವನಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಎಂಟು, ನಮ್ಮೂರಲ್ಲಿ ಮರುದಿನ ಬೆಳಗಿನ ಏಳೂವರೆ. ಅವ್ವನಿಗೆ ಎಪ್ಪತ್ತೆಂಟು. ಮಗುವಿನ ಸಮಾಚಾರವೆಲ್ಲ ಆದ ಮೇಲೆ, "ಅವ್ವ, ಆಲೆಮನೆಯ ಒಂಟಿಗೈ ದೆವ್ವ ಯಾರು?" ಎಂದು ಕೇಳಿದೆ.

ತುಂಬ ಹೊತ್ತು ಮಾತಿಲ್ಲ. ಲೈನು ಕಡಿದುಹೋಯಿತೆಂದುಕೊಂಡೆ.

"ಅದ್ಯಾಕೆ ಈಗ?" ಎಂದಳು. ಆಮೇಲೆ ನಿಧಾನವಾಗಿ ಹೇಳಿದಳು. "ದೆವ್ವ ಅಲ್ಲ ಕಣವ್ವ. ನಮ್ಮ ಮನೇಲಿ ಜೀತಕ್ಕಿದ್ದೋಳು. ಗಂಡ ಸಾಲ ಮಾಡಿ ಸತ್ತಿದ್ದ. ನಾನು ಮದುವೆಯಾಗಿ ಬಂದ ವರ್ಷ ಕಬ್ಬು ಜಾಸ್ತಿ ಇತ್ತು. ಮೂರು ರಾತ್ರಿ ನಿದ್ದೆ ಇಲ್ಲದೆ ಗಾಣಕ್ಕೆ ಕಬ್ಬು ಕೊಡ್ತಾ ಇದ್ಲು. ಕೈ ಹೋಯ್ತು. ಗಾಡಿ ಕಟ್ಟಿ ಆಸ್ಪತ್ರೆಗೆ ಸಾಗಿಸಿದ್ರು, ಬದುಕ್ಕೊಂಡ್ಲು."

"ಸಾಲ ವಜಾ ಮಾಡಿದ್ರಾ?"

"ಎಲ್ಲಿ ಬಂತು. ಅವಳ ಬದಲಿಗೆ ಮಗನ್ನ ಕರಕೊಂಡ್ರು. ಹಬ್ಬ ಬಂದ್ರೆ ಹಿತ್ತಿಲ ಬಾಗಿಲಿಗೆ ಬಂದು ನಿಂತ್ಕೊಂಡು, ಮಕ್ಕಳಿಗೆ ಒಂದಚ್ಚು ಬೆಲ್ಲ ಕೊಡಿ ಅನ್ನೋಳು. ಒಂದ್ಸಲ ಕೊಟ್ರೆ ಒಂದ್ಸಲ ಇಲ್ಲ. ಅವಳು ಸತ್ತ ಮೇಲೆ ನಿಮ್ಮ ತಾತ ರಾತ್ರಿ ಆಲೆಮನೆ ಕಡೆ ಹೋಗೋದು ಬಿಟ್ರು. ಅವಳ ದನಿ ಕೇಳ್ಸುತ್ತೆ ಅನ್ನೋರು. ಕತೆ ಹುಟ್ಟಿದ್ದು ಆಮೇಲೆ." ಮತ್ತೆ ಸುಮ್ಮನಾಗಿ, "ನಿಮ್ಮ ತಾತ ಕೆಟ್ಟೋರಲ್ಲ ಕಣವ್ವ. ಆಗ ಎಲ್ಲಾರೂ ಹಂಗೇ ಇದ್ರು" ಎಂದಳು.

ಅಂದರೆ ಬೆಲ್ಲ ಕೇಳಿದ ಮಾತು ದೆವ್ವದ ಮಾತಲ್ಲ. ಬದುಕಿದ್ದ ಹೆಂಗಸು, ಹಗಲು ಹೊತ್ತಿನಲ್ಲಿ, ನಮ್ಮ ಹಿತ್ತಿಲಲ್ಲಿ ನಿಂತು ಕೇಳಿದ್ದು. ಅದನ್ನೇ ನಾನು ದನಿ ಬದಲಿಸಿ ಅಭಿನಯಿಸಿ ಮಕ್ಕಳನ್ನು ಹೆದರಿಸುತ್ತಿದ್ದೆ.

ಅಲ್ಲಿಯದೂ ಇಲ್ಲಿಯದೂ ಒಂದೇ ಎಂದು ನಾನು ಹೇಳುವುದಿಲ್ಲ. ಅಲ್ಲಿ ಮನುಷ್ಯರನ್ನು ಸಂತೆಯಲ್ಲಿ ಮಾರಲು ಕಾನೂನೇ ಇತ್ತು. ಮೈಬಣ್ಣ ನೋಡಿ, ಹುಟ್ಟುವ ಮೊದಲೇ ಮಗುವಿನ ಬೆಲೆ ಕಟ್ಟುತ್ತಿದ್ದರು. ಇಲ್ಲಿ ಸಾಲ, ಜಾತಿ, ಬಡತನ ಸೇರಿ ಕಟ್ಟಿದ ಹಗ್ಗ. ಜೀತ ಅಪರಾಧವೆಂಬ ಕಾನೂನು ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ. ಅದನ್ನು ಇಸವಿ ಸಮೇತ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ! ನಮ್ಮ ಹಿತ್ತಿಲಿಗೂ ಅದಕ್ಕೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. ಆಗ ಎಲ್ಲರೂ ಹಾಗೇ ಇದ್ದರು ಎಂಬ ಮಾತು ಮಾತ್ರ ಎರಡು ಕಡೆಯೂ ಒಂದೇ.

ಮಾರನೆಯ ದಿನ ಸೇತುವೆ ದಾಟಿ ಲಾಪ್ಲೇಸ್‌ಗೆ ಹೋಗಿ, 1811ರ ದಂಗೆ ಶುರುವಾದ ಆ ತೋಟದ ಮನೆಯನ್ನು ರಸ್ತೆಯಿಂದಲೇ ನೋಡಿದೆವು. ಈಗ ಅದರ ಹೆಸರು ವುಡ್‌ಲ್ಯಾಂಡ್. 2019ರ ನವೆಂಬರಿನಲ್ಲಿ ಡ್ರೆಡ್ ಸ್ಕಾಟ್ ಎಂಬ ಕಲಾವಿದ ನೂರಾರು ಜನರನ್ನು ಸೇರಿಸಿ, ಹಳೆಯ ಕಾಲದ ಉಡುಪಿನಲ್ಲಿ ಎರಡು ದಿನ ಆ ದಂಗೆಯ ದಾರಿಯನ್ನೇ ನಡೆದಿದ್ದರು. 2024ರ ಆರಂಭದಲ್ಲಿ ಆ ಮನೆಯನ್ನೇ ಕೊಂಡವರು ಜಾಯ್ ಮತ್ತು ಜೋ ಬ್ಯಾನರ್ ಎಂಬ ಅವಳಿ ಅಕ್ಕತಂಗಿಯರು ನಡೆಸುವ ಸಂಸ್ಥೆ. ಈ ದಂಡೆಯ ಗುಲಾಮರ ವಂಶದ ಹೆಣ್ಣುಮಕ್ಕಳು ಅವರು. ತಮ್ಮ ವಾಲೆಸ್ ಊರಿನ ಪಕ್ಕ ಬರಲಿದ್ದ ಭಾರಿ ಧಾನ್ಯದ ಘಟಕದ ವಿರುದ್ಧ ಹೋರಾಡಿ, ಅದೇ ವರ್ಷ ಆ ಯೋಜನೆಯನ್ನು ಕೈಬಿಡುವಂತೆಯೂ ಮಾಡಿದರು. ಹಿರಿಯರು ಕೈಕಟ್ಟಿ ನಿಲ್ಲಬೇಕಿದ್ದ ಜಗುಲಿಯ ಬೀಗದ ಕೈ ಈಗ ಮೊಮ್ಮಕ್ಕಳ ಕೈಯಲ್ಲಿದೆ. ನಮ್ಮ ಅಳಿಯಂದಿರು ಆ ದಿನ ದೆವ್ವದ ಮಾತೆತ್ತಲಿಲ್ಲ.

ಊರಿಗೆ ಬಂದ ಮೇಲೆ ಮೊದಲ ಭಾನುವಾರವೇ ಅವ್ವನಿಂದ ಗುರುತು ಕೇಳಿಕೊಂಡು ಆ ಹೆಂಗಸಿನ ಮಗಳ ಮನೆಗೆ ಹೋದೆ. ಪಕ್ಕದ ಊರು. ಎಪ್ಪತ್ತರ ಹತ್ತಿರದವರು. ಏನು ತೆಗೆದುಕೊಂಡು ಹೋಗಬೇಕೋ ತಿಳಿಯದೆ ಬರಿಗೈಯಲ್ಲೇ ಹೋದೆ. ಬೆಲ್ಲವನ್ನಂತೂ ಒಯ್ಯಲು ಧೈರ್ಯ ಬರಲಿಲ್ಲ. ನಾನು ಯಾರ ಮೊಮ್ಮಗಳೆಂದು ಹೇಳಿದೆ. ಅವರ ಮುಖ ಬಿಗಿಯಾಯಿತು, ಆದರೂ ಒಳಗೆ ಕರೆದು ನೀರು ಕೊಟ್ಟರು. ತಪ್ಪಾಯಿತು ಎಂದೆ. ಯಾವ ತಪ್ಪಿಗೆ, ಯಾರ ಪರವಾಗಿ ಎಂದು ನನಗೇ ಸರಿಯಾಗಿ ಹೇಳಲಾಗಲಿಲ್ಲ.

ಅವರು ಬಹಳ ಹೊತ್ತಿನ ಮೇಲೆ ಮಾತಾಡಿದರು. "ನಮ್ಮವ್ವ ಒಂದೇ ಕೈಲಿ ನಂಗೆ ಜಡೆ ಹಾಕೋಳು ಟೀಚರಮ್ಮ. ಒಂದೆಳೆ ಹಲ್ಲಲ್ಲಿ ಕಚ್ಚಿ ಹಿಡಕೊಂಡು ಬಿಗಿಯಾಗಿ ಹೆಣೆಯೋಳು, ಸಾಯಂಕಾಲದವರೆಗೂ ಬಿಚ್ತಿರಲಿಲ್ಲ. ನಿಮ್ಮೂರ ದಾರೀಲಿ ನಮ್ಮ ಮಕ್ಕಳೂ ದೆವ್ವ ಅಂತ ಓಡ್ತಾ ಇದ್ವು. ಅದು ನಿಮ್ಮಜ್ಜಿ ಕಣ್ರೋ ಅಂತ ಹೇಳೋಕೆ ನಂಗೇ ಬಾಯಿ ಬರಲಿಲ್ಲ."

ಅವರ ತಾಯಿಯ ಹೆಸರನ್ನು ಬರೆಯಲೇ ಎಂದು ಕೇಳಿದೆ. ಬೇಡ ಎಂದರು. "ದೆವ್ವ ಅನ್ನೋದು ನಿಂತ್ರೆ ಸಾಕು." ಅದಕ್ಕೇ ಇಲ್ಲಿ ಹೆಸರು ಬರೆದಿಲ್ಲ. ನನಗೆ ಮಾತ್ರ ಈಗ ಅದು ಗೊತ್ತು.

ಈ ವರ್ಷ ಪ್ರವಾಸದ ಬಸ್ಸಿನಲ್ಲಿ ಮಕ್ಕಳು, "ಮಿಸ್, ಒಂಟಿಗೈ ದೆವ್ವ, ಒಂಟಿಗೈ ದೆವ್ವ" ಎಂದು ಕೂಗಿದರು. ಹಳೆಯ ವಿದ್ಯಾರ್ಥಿಗಳಿಂದ ತಿಳಿದಿರಬೇಕು. ಲೈಟು ಆರಿಸಬೇಡ ಎಂದು ಡ್ರೈವರಿಗೆ ಹೇಳಿ, ಜಡೆಯ ವಿಷಯದಿಂದ ಶುರು ಮಾಡಿದೆ.